ನಾನು ಮೆಚ್ಚಿದ ಕ್ಲಾರಿನೆಟ್ಟಿನ ವಿಷಾದ

ನನ್ನ ಅಣ್ಣ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ವರ್ಷಕ್ಕೊಮ್ಮೆ ಕಿರಿಮಂಜೇಶ್ವರದ ಮನೆಗೆ ಬರುವಾಗ ಅಮ್ಮನಿಗೆ ಒಂದು ದಪ್ಪ ಕಂಬಳಿ ತರುತ್ತಿದ್ದ. ಕಡಲ ಬದಿಯ ಸೆಕೆಯಲ್ಲಿ ಆ ಕಂಬಳಿಗಳನ್ನು ಏನು ಮಾಡುವುದೆಂದು ಯಾರೂ ಅವನನ್ನು ಕೇಳಿದವರಲ್ಲ. ತೊಂಬತ್ತೆಂಟರಲ್ಲಿ ಬಂದಾಗ ಕಂಬಳಿಯ ಜೊತೆಗೆ ನನಗೂ ಒಂದು ಕ್ಯಾಸೆಟ್ ತಂದ. ಹೊದಿಕೆಯ ಮೇಲೆ ‘ಮಾಡರ್ನ್ ಜಾಝ್’ ಎಂಬ ಇಂಗ್ಲಿಷ್ ಅಕ್ಷರಗಳ ಕೆಳಗೆ ಒಬ್ಬ ಬೋಳುತಲೆಯವನು ಕಣ್ಣುಮುಚ್ಚಿ ಕ್ಲಾರಿನೆಟ್ ಊದುತ್ತಿದ್ದ.

"ಇದೆಂತ?" ಎಂದೆ.

"ನಮ್ ಮದಿ ಬ್ಯಾಂಡಂಗೆ ಊದ್ತ್ರಲೆ, ಅದೇ. ಬಂದರಿನ ಅಂಗಡಿಯಂಗ್ ಕಂಡೆ. ನಿಂಗ್ ಓದುಕ್ ಕೇಂಬುಕ್ ಎಲ್ಲ ಮರ್ಲ್ ಇತ್ತಲೆ, ತಕಂಡ್ ಬಂದೆ."

ನಮ್ಮ ಮದುವೆಗಳ ಬ್ಯಾಂಡಿನ ವಾದ್ಯ ಅದು ಎಂಬುದೂ ನಿಜ, ನನಗೆ ಮರ್ಲು, ಅಂದರೆ ಹುಚ್ಚು ಇದ್ದದ್ದೂ ನಿಜ. ನಾನಾಗ ಕುಂದಾಪುರದ ಒಂದು ಕಾಲೇಜಿನಲ್ಲಿ ಹೊಸದಾಗಿ ಗ್ರಂಥಪಾಲಕಿಯಾಗಿ ಸೇರಿದ್ದೆ. ಮೀನು ಮಾರುವವರ ಮನೆಯಿಂದ ಹೋಗಿ ಪುಸ್ತಕಗಳ ನಡುವೆ ಕುಳಿತವಳಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇರಬೇಕು ಎಂಬ ಭ್ರಮೆ ಇತ್ತು. ಆಧುನಿಕ ಜಾಝ್ ಬಗ್ಗೆ ಮಾತ್ರ ಇನ್ನೂ ಇರಲಿಲ್ಲ.

ಮನೆಯಲ್ಲಿ ಅಪ್ಪಯ್ಯ ಬೊಂಬಾಯಿಯಿಂದ ತಂದಿದ್ದ ಟೂ-ಇನ್-ವನ್ ಇತ್ತು. ಅಪ್ಪಯ್ಯ ತೀರಿಕೊಂಡು ಒಂದು ವರ್ಷವಾಗಿತ್ತು. ಅಮ್ಮ ಅದರಲ್ಲಿ ರೇಡಿಯೊ ಮಾತ್ರ ಕೇಳುತ್ತಿದ್ದಳು, ಕ್ಯಾಸೆಟ್ ಹಾಕುವ ಬಾಗಿಲು ತೆರೆಯದೆ ಎಷ್ಟೋ ಕಾಲವಾಗಿತ್ತು. ನಾನು ಉಗುರಿನಲ್ಲಿ ಒತ್ತಿ ಅದನ್ನು ಬಿಡಿಸಿದೆ, ಕ್ಯಾಸೆಟ್ ಹಾಕಿದೆ, ಗುಂಡಿ ಒತ್ತಿದೆ.

ಬಂದ ನಾದ ನಾನು ಎಂದೂ ಕೇಳಿರದಂಥದ್ದು. ದಪ್ಪ, ಮಂದ, ಮಳೆಗಾಲದ ಕಡಲಿನಂತೆ ಕೆಸರು ಬಣ್ಣದ ಸ್ವರ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಅವನಿಗೆ ಮನಸ್ಸೇ ಇಲ್ಲದಂತಿತ್ತು. ನಡುನಡುವೆ ಯಾರೋ ಬಿಕ್ಕಿದ ಹಾಗೆ ಕೇಳುತ್ತಿತ್ತು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು.

"ಎಂತ ಹೆಣ್ಣೇ ಅದ್? ಯಾರ್ ಸತ್ತದ್?"

ಅಮ್ಮನಿಗೆ ಸಂಗೀತ ಗೊತ್ತಿಲ್ಲ ಎಂದುಕೊಂಡೆ. ಆದರೆ ಮರುದಿನ ಅದನ್ನೇ ಮತ್ತೆ ಕೇಳಿದೆ, ವಾರವಿಡೀ ಕೇಳಿದೆ. ಅಪ್ಪಯ್ಯ ಸತ್ತಾಗ ಮನೆಗೆ ಬಂದ ಯಾರ ಮಾತಿನಿಂದಲೂ ಸಿಗದ ಸಮಾಧಾನ ಆ ಮಂದ ಸ್ವರಗಳಲ್ಲಿ ಇತ್ತು. ಅದನ್ನು ಈಗಲೂ ಅಲ್ಲಗಳೆಯಲಾರೆ.

ಮುಂದಿನ ವರ್ಷ ಅಣ್ಣನ ಮದುವೆಗೆ ಬ್ರಹ್ಮಾವರದ ಬ್ಯಾಂಡ್‌ಸೆಟ್ ಹೇಳಿದ್ದೆವು. ಅದರಲ್ಲಿ ಕ್ಲಾರಿನೆಟ್ ಊದುತ್ತಿದ್ದವರು ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ಊಟ ಮುಗಿಸಿ ಅವರು ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದಾಗ ನಾನು ಟೂ-ಇನ್-ವನ್ ತಂದು ಅವರ ಮುಂದೆ ಇಟ್ಟೆ. ಅವರ ಕೊಳವೆಯಿಂದ ಲೋಕದಲ್ಲಿ ಏನೇನು ಸಾಧ್ಯ ಎಂದು ತೋರಿಸುವ ಔದಾರ್ಯ ನನ್ನದು.

ಮಾಸ್ಟ್ರು ಹಾಡಿನ ಕಾಲುಭಾಗ ಸುಮ್ಮನೆ ಕೇಳಿದರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಪೆಟ್ಟಿಗೆಯಿಂದ ಕ್ಲಾರಿನೆಟ್ ತೆಗೆದು ಜೋಡಿಸಿ, ಅವನ ಜೊತೆ ಊದಲು ನೋಡಿದರು. ಸ್ವರ ಇಳಿಯುತ್ತ ಹೋದ ಹಾಗೆ ಅವರ ಬೆರಳುಗಳು ಒಂದೊಂದಾಗಿ ತೂತುಗಳನ್ನು ಮುಚ್ಚಿದವು. ಎಲ್ಲವೂ ಮುಚ್ಚಿದ ಮೇಲೂ ಕ್ಯಾಸೆಟ್ಟಿನವನು ಇನ್ನೂ ಕೆಳಗೆ ಇಳಿದ. ಮಾಸ್ಟ್ರು ಬಾಯಿಂದ ಕ್ಲಾರಿನೆಟ್ ತೆಗೆದರು.

"ತಂಗಿ, ಇದ್ ಸಮ ಇಲ್ಲೆ. ಇದ್ರ ಕೆಳ್ಗೆ ಹೋಪುಕ್ ಜಾಗ್ಯೇ ಇಲ್ಲೆ. ನಿಮ್ ಟೇಪಿಂದ್ ಎಂತದೋ ಕಥೆ."

"ಅದು ವಿದೇಶದ ಕ್ಲಾರಿನೆಟ್, ಮಾಸ್ಟ್ರೇ," ಎಂದೆ. "ಅವ್ರ್ ಊದು ಕ್ರಮವೇ ಬೇರೆ. ಅವ್ರದ್ದ್ ಮದಿಗೆ ಊದುದಲ್ಲ."

ಮಾಸ್ಟ್ರು ನನ್ನನ್ನು ನೋಡಿದರು. "ಹೌದಾ? ಹಾಂಗಾರೆ ಆಯ್ಕ್," ಎಂದು ಕ್ಲಾರಿನೆಟ್ ಒರೆಸಿ, ದಿಬ್ಬಣಕ್ಕೆ ಹೊತ್ತಾಯಿತೆಂದು ಅಂಗಳಕ್ಕೆ ಇಳಿದರು.

ಅದೇ ಉತ್ಸಾಹದಲ್ಲಿ ನಾನು ಒಂದು ಲೇಖನ ಬರೆದೆ. ಊರಿನ ಸಣ್ಣ ಪತ್ರಿಕೆಯೊಂದರಲ್ಲಿ ಅದು ಮೂರು ಪುಟ ಬಂತು. ಕಲಾವಿದ ಕಾಲವನ್ನೇ ಹಿಡಿದು ನಿಲ್ಲಿಸಿದ್ದಾನೆ, ವಾದ್ಯದ ಮಿತಿಯನ್ನು ಮೀರಿ ಪಾತಾಳಕ್ಕೆ ಇಳಿದಿದ್ದಾನೆ ಎಂದೆಲ್ಲ ಬರೆದಿದ್ದೆ. ಮೂರನೆಯ ಹಾಡಿನ ಬಿಕ್ಕುವಿಕೆಗೇ ಎರಡು ಪ್ಯಾರಾ ಮೀಸಲು. ತೆಕ್ಕಟ್ಟೆಯಲ್ಲಿ ಸಾಹಿತ್ಯಾಸಕ್ತರು ತಿಂಗಳಿಗೊಮ್ಮೆ ಸೇರುತ್ತಿದ್ದರು, ಅವರು ನನ್ನನ್ನು ಮಾತಾಡಲು ಕರೆದರು. ಟೂ-ಇನ್-ವನ್ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಹದಿನೆಂಟು ಜನ ಕಣ್ಣುಮುಚ್ಚಿ ಕೇಳಿದರು. ನಿವೃತ್ತ ಅಧ್ಯಾಪಕರೊಬ್ಬರು ಕರ್ಚೀಫು ತೆಗೆದರು. ಆಮೇಲೆ ಸುಮಾರು ಆರು ವರ್ಷ ನಮ್ಮ ತಾಲೂಕಿನಲ್ಲಿ ಜಾಝ್ ಎಂದರೆ ನಾನೇ. ಬೇರೆ ಯಾರೂ ಆ ಹುದ್ದೆಗೆ ಅರ್ಜಿ ಹಾಕಿರಲಿಲ್ಲ.

ಆಮೇಲೆ ಕಾಲೇಜಿಗೆ ಕಂಪ್ಯೂಟರ್ ಬಂತು. ಬೊಂಬಾಯಿಯಲ್ಲಿದ್ದ ಚಿಕ್ಕಮ್ಮನ ಮಗಳಿಗೆ ಹೇಳಿ ಅದೇ ಸಂಗೀತದ ಸಿ.ಡಿ. ತರಿಸಿದೆ. ಗ್ರಂಥಾಲಯ ಮುಚ್ಚಿದ ಮೇಲೆ ಒಬ್ಬಳೇ ಕುಳಿತು ಹಾಕಿದೆ. ಕೇಳಿದ್ದು ಯಾವುದೋ ಚುರುಕಾದ, ಹಗುರಾದ, ತುಂಟ ಸಂಗೀತ. ಅಂಗಡಿಯವರು ಬೇರೆ ಸಿ.ಡಿ. ತುಂಬಿಸಿಕೊಟ್ಟಿದ್ದಾರೆ ಎಂದು ಸಿಟ್ಟು ಬಂತು. ಹೊದಿಕೆ ನೋಡಿದೆ. ಅದೇ ಬೋಳುತಲೆ, ಹಾಡುಗಳ ಅದೇ ಸಾಲು. ಮತ್ತೆ ಕೇಳಿದೆ. ಹೌದು, ಸ್ವರಗಳೂ ಅವೇ. ನನಗೆ ಬಾಯಿಪಾಠವಾಗಿದ್ದ ಒಂದೊಂದು ತಿರುವೂ ಇತ್ತು, ಆದರೆ ಎಲ್ಲವೂ ಎತ್ತರದಲ್ಲಿ, ಅವಸರದಲ್ಲಿ. ಮೂರನೆಯ ಹಾಡಿನಲ್ಲಿ ನಾನು ಬಿಕ್ಕುವಿಕೆ ಎಂದು ಬರೆದಿದ್ದ ಜಾಗ ಬಂತು. ಅದು ಬಿಕ್ಕಿದ್ದಲ್ಲ, ಅವನ ಕಛೇರಿ ಕೇಳಲು ಕೂತ ಸಭೆಯಲ್ಲಿ ಯಾರೋ ನಗುತ್ತಿದ್ದರು.

ಮರುದಿನ ಟೂ-ಇನ್-ವನ್ನನ್ನು ಬೈಂದೂರಿನ ರಿಪೇರಿ ಅಂಗಡಿಗೆ ಒಯ್ದೆ. ಅವನು ಹಿಂದಿನ ಮುಚ್ಚಳ ತೆಗೆದು ಒಳಗಿನ ರಬ್ಬರ್ ಬೆಲ್ಟನ್ನು ಬೆರಳಲ್ಲಿ ಎಳೆದು ತೋರಿಸಿದ. ಉಪ್ಪುಗಾಳಿಗೆ ಅದು ಹಳೆಯ ಲಂಗದ ಇಲಾಸ್ಟಿಕ್ಕಿನಂತೆ ಜೋಲುತ್ತಿತ್ತು, ಟೇಪನ್ನು ಬೇಕಾದ ವೇಗದಲ್ಲಿ ತಿರುಗಿಸುವ ಶಕ್ತಿ ಅದಕ್ಕೆ ಇರಲಿಲ್ಲ.

"ಇದ್ರಂಗೆ ಎಂತ ಕೇಂತಿದ್ರಿ? ಎಲ್ಲಾ ಎಳ್ದ್ ಎಳ್ದ್ ಬರ್ಕಲೆ?"

"ಹೌದು," ಎಂದೆ. ಲೇಖನದ ವಿಷಯ ಅವನಿಗೆ ಹೇಳಲಿಲ್ಲ.

ತಿದ್ದುಪಡಿ ಬರೆದು ಪತ್ರಿಕೆಯ ಸಂಪಾದಕರಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಎಂತಕ್ಕೆ ಮಾರಾಯ್ತಿ? ಆ ಲೇಖನ ಎಲ್ರಿಗೂ ಲಾಯ್ಕ್ ಆಯಿತ್ತ್. ಈಗ ಹೋಯಿ ಅವ್ರ್ ದುಃಖ ಹಾಳ್ ಮಾಡ್ತ್ಯಾ?" ಎಂದರು. ತಿದ್ದುಪಡಿ ಅಚ್ಚಾಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಹಾಗೆ ನೋಡಿದರೆ ನನಗೂ ಆ ದುಃಖದ ಮೇಲೆ ಆಸೆ ಇತ್ತು. ಒಂದು ತಿಂಗಳಾದ ಮೇಲೆ ರಿಪೇರಿಯವನ ಹತ್ತಿರ ಹೋಗಿ ಅವನು ಬದಲಿಸಿ ತೆಗೆದ ಹಳೆಯ ಬೆಲ್ಟ್ ಇದೆಯೇ ಎಂದು ವಿಚಾರಿಸಿದೆ. "ಹಾಳಾದ್ದನ್ನ ಕೇಂಡ್ಕಂಡ್ ಬಂದವ್ರ್ ನೀವೊಬ್ರೇ," ಎಂದ. ಅದು ಎಂದೋ ಕಸಕ್ಕೆ ಹೋಗಿತ್ತು.

ಉಳಿದ ಋಣ ಮಾಸ್ಟ್ರದ್ದು. ಒಂದು ಭಾನುವಾರ ಸಿ.ಡಿ. ಹಾಗೂ ಸಣ್ಣದೊಂದು ಪ್ಲೇಯರ್ ಹಿಡಿದು ಬ್ರಹ್ಮಾವರಕ್ಕೆ ಹೋದೆ. ಮುಂದಿನ ಹಲ್ಲುಗಳು ಬಿದ್ದು, ಕಟ್ಟಿಸಿದ ಹಲ್ಲಿನಲ್ಲಿ ಊದಲಾಗದೆ, ಅವರು ಬ್ಯಾಂಡ್ ಬಿಟ್ಟು ನಾಲ್ಕು ವರ್ಷವಾಗಿತ್ತು. ನಾನು ಅಣ್ಣನ ಮದುವೆಯ ದಿನ ಆಡಿದ ಮಾತನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಇಡೀ ದಾರಿ ಈ ಕ್ಷಮಾಪಣೆಯನ್ನು ಬಸ್ಸಿನಲ್ಲಿ ತಿದ್ದಿ ತೀಡಿದ್ದೆ.

"ಅದ್ ಯಾವ್ ಮದಿ?" ಎಂದರು ಮಾಸ್ಟ್ರು. "ನಾ ಎಷ್ಟ್ ಮದಿಗೆ ಊದಿದ್ದೆ, ಎಲ್ಲಾ ನೆನ್ಪಿಪ್ಪುದಾ? ಅದಿರ್ಲಿ, ಹಾಕಿ ಕಾಂಬ."

ಹಾಕಿದೆ. ಮೊದಲ ಹಾಡಿಗೇ ಅವರ ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು. ಎರಡನೆಯದಕ್ಕೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಇಂವ ಉಸ್ರ್ ಎಲ್ಲ್ ತಕಂತ?" ಮತ್ತೆ ಹಾಕಿಸಿದರು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆಂದು ಹುಡುಕಲು ಅರ್ಧ ಗಂಟೆ ಹೋಯಿತು. ಮೂರನೆಯ ಹಾಡಿನಲ್ಲಿ ಕ್ಲಾರಿನೆಟ್ ತಟ್ಟನೆ ಕೀಂ ಎಂದು ಕಿರುಚಿದಾಗ ಮಾಸ್ಟ್ರು ಬಾಯಿತುಂಬ ನಕ್ಕರು.

"ನಾವ್ ಕೀಂ ಅಂದ್ರೆ ಮದಿಮನಿಯವ್ರ್ ಬಯ್ತಿದ್ರ್. ಇಂವ ಕೀಂ ಅಂದ್ರೆ ಚಪ್ಪಾಳೆ! ಅಲ್ದಾ ತಂಗಿ, ಬೇಕಂತ್ಲೇ ಕೀಂ ಅಂಬುದ್ ಎಷ್ಟ್ ಕಷ್ಟ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ಲೇಖನ ಬರೆದವಳಿಗೆ ಏನೂ ಗೊತ್ತಿರಲಿಲ್ಲ. ಆಮೇಲಿನ ಎರಡು ಮೂರು ವರ್ಷ, ತಿಂಗಳಿಗೊಂದು ಭಾನುವಾರದಂತೆ, ಅದೇ ಕಲಾವಿದನ ಬೇರೆ ಬೇರೆ ಸಿ.ಡಿ.ಗಳನ್ನು ಒಯ್ದೆ. ಮಾಸ್ಟ್ರು ಅವನನ್ನು ಬೋಳ ಎಂದು ಕರೆಯುತ್ತಿದ್ದರು. ಬೋಳ ಹಿಂದಿನ ರಾತ್ರಿ ಕುಡಿದು ಊದಿದ್ದು ಯಾವುದು, ಊದುವ ತುದಿಗೆ ಹೊಸ ರೀಡಿನ ಪಟ್ಟಿ ಹಾಕಿದ್ದು ಯಾವುದು, ಡ್ರಮ್ಮಿನವನ ಮೇಲೆ ಸಿಟ್ಟಿದ್ದದ್ದು ಯಾವುದು ಎಂದೆಲ್ಲ ಹೇಳುತ್ತಿದ್ದರು. ಎಷ್ಟು ನಿಜವೋ ತಿಳಿಯದು, ಆದರೆ ಅವರು ಹೇಳಿದ ಮೇಲೆ ನನಗೂ ಹಾಗೆಯೇ ಕೇಳುತ್ತಿತ್ತು.

ಒಂದು ದಿನ ಅವರು ತಮ್ಮ ಕ್ಲಾರಿನೆಟ್ಟಿನ ಪೆಟ್ಟಿಗೆ ತಂದು ನನ್ನ ಮಡಿಲಲ್ಲಿ ಇಟ್ಟರು. "ಕೇಂಡದ್ದ್ ಸಾಕ್. ಊದಿ ಕಾಣಿ."

ನನಗೆ ಮೂವತ್ತೊಂಬತ್ತು. ಮೊದಲ ದಿನ ಬರೀ ಗಾಳಿ ಬಂತು. ಎರಡನೆಯ ಭಾನುವಾರ ಕೀಂ ಎಂದಿತು. "ನೀವ್ ಶುರುವಿಗೇ ಜಾಝಿಗೆ ಹೋದ್ರಿ!" ಎಂದು ಮಾಸ್ಟ್ರು ಹೆಂಡತಿಯನ್ನು ಕರೆದು ಕೇಳಿಸಿದರು. ಆರು ತಿಂಗಳಲ್ಲಿ ಐದು ಸ್ವರ ಕಲಿತೆ. ಪೆಟ್ಟಿಗೆ ಮನೆಗೆ ತಂದು ಊದಿದರೆ ಅಮ್ಮ, "ಹೊರ್ಗ್ ಹೋಯಿ ಊದ್. ಮೀನ್ ಕೊಯ್ಯುಕೆ ಕೈ ನಡುಗ್ತ್," ಎನ್ನುತ್ತಿದ್ದಳು.

ಹಾಗಾಗಿ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಕಡಲ ಬದಿಗೆ ಹೋಗಿ ಊದತೊಡಗಿದೆ. ಬಲೆ ಹೆಣೆಯುತ್ತಿದ್ದವರು ಮೊದಲ ಎರಡು ದಿನ ತಲೆ ಎತ್ತಿ ನೋಡಿ ಮತ್ತೆ ಬಲೆಗೆ ಬಗ್ಗಿದರು. ಮೂರನೆಯ ದಿನ ಒಬ್ಬ ಕೂಗಿದ:

"ಹ್ವಾಯ್ ಅಕ್ಕಾ! ಇವತ್ತ್ ಯಾರ್ ಮದಿ?"

"ಯಾರದ್ದೂ ಅಲ್ಲ. ಕಲೀತಿದ್ದೆ."

"ಹಾಂಗಾರೆ ಒಂಚೂರ್ ಆಚಿಗ್ ಹೋಯ್ನಿ. ಮೀನೆಲ್ಲಾ ಓಡ್ತೊ."

ನಾನು ನೂರು ಹೆಜ್ಜೆ ಆಚೆ ಹೋಗಿ, ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ನನ್ನ ಐದು ಸ್ವರಗಳನ್ನು ಮೊದಲಿನಿಂದ ಶುರು ಮಾಡಿದೆ.