ಮಲ್ಲಾಜಮ್ಮನ ಮುದುಕರು

ಪಿರಿಯಾಪಟ್ಟಣದ ವೃದ್ಧಾಶ್ರಮದಲ್ಲಿ ಆಯಾ ಆಗಿರುವ ಮಲ್ಲಾಜಮ್ಮನಿಗೆ ಅಲ್ಲಿರುವ ಅರ್ಧ ಜನಕ್ಕಿಂತ ಹೆಚ್ಚು ವಯಸ್ಸು. ಆದರೆ ಅವಳ ಪ್ರಕಾರ ಮುದುಕರೆಂದರೆ ಮಂಚದ ಮೇಲಿರುವವರು ಮಾತ್ರ. ತನ್ನ ಮಂಡಿ ಹಿಡಿದುಕೊಂಡು ಏಳುತ್ತಲೇ, "ಏಳಿ ಅಜೀಜ್ ಸಾಬ್ರೇ, ಈ ವಯಸ್ನಲ್ಲಿ ಒಂದೇ ಕಡೆ ಕೂತ್ರೆ ಕೀಲು ಇಡ್ಕಬುಡ್ತವೆ" ಎಂದು ತನಗಿಂತ ಚಿಕ್ಕವರನ್ನು ಅಂಗಳ ಸುತ್ತಿಸುತ್ತಾಳೆ. "ಬೆನ್ನು ನೆಟ್ಟಗೆ!" ಎಂದು ಅವಳು ಕೂಗಿದರೆ ರಸ್ತೆಯಾಚೆ ಬಸ್ಸು ಕಾಯುವವರೂ ನೆಟ್ಟಗಾಗುತ್ತಾರೆ. ಷಣ್ಮುಖಪ್ಪನವರು ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಟ್ಟರೆ "ಆ ಅನ್ನಿ" ಎಂದು ಬಾಯಿ ತೆರೆಸದೆ ಬಿಡುವವಳಲ್ಲ. ಆರೈಕೆ ಮಾಡುವವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡಲು ಮೈಸೂರಿನಿಂದ ಬಂದಿದ್ದ ಶಾಂಭವಿ, "ಅಮ್ಮಾ, ಮಧ್ಯೆ ಮಧ್ಯೆ ರೆಸ್ಟ್ ತಗೋತೀರಾ?" ಎಂದು ಕೇಳಿದಾಗ ಅವಳಿಗೆ ಸಿಟ್ಟೇ ಬಂತು. "ರೆಸ್ಟು ವಯಸ್ಸಾದೋರ್ಗೆ ಕಣವ್ವ. ನಾನು ಅಗಲೊತ್ತು ಕಣ್ಣು ಮುಚ್ಚಿದ್ನ ಯಾರಾರ ಕಂಡವ್ರಾ, ಕೇಳು." "ಇಲ್ಲ, ಇಲ್ಲ" ಎಂದು ಎಲ್ಲ ಮಂಚಗಳಿಂದಲೂ ಸಾಕ್ಷಿ ಬಂತು. ನಿಜ ಹೇಳಬೇಕೆಂದರೆ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೊಡನೆ ಅವಳ ತಲೆ ವಾಲುತ್ತದೆ. ಬೆಳಗಿನಿಂದ ಗಳಿಗೆಗೊಮ್ಮೆ "ಮಲ್ಲಾಜಮ್ಮ, ನೀರು" ಎನ್ನುವ ಆ ಮನೆಯಲ್ಲಿ, ಅವಳು ತಾನಾಗಿ ಎಚ್ಚರಗೊಳ್ಳುವವರೆಗೆ ಯಾರಿಗೂ ಬಾಯಾರಿಕೆಯಾಗುವುದಿಲ್ಲ.