ಪ್ಯಾಕೆಟ್ ಒಡೆಯದ ಮೂರು ಶರ್ಟು

ಆ ಮೂರು ಶರ್ಟುಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಬಟ್ಟೆ ಹಳತಾಗುತ್ತದೆ, ಸಿಟ್ಟು ಹಳತಾಗುವುದಿಲ್ಲ.

ತೊಂಬತ್ತರ ದಶಕದ ಕೊನೆ. ದುಬೈಗೆ ಬಂದು ಅಣ್ಣನ ರೂಮಿನಲ್ಲಿ ಬಿದ್ದುಕೊಂಡಿದ್ದೆ. ವಿಸಿಟ್ ವೀಸಾ ಇನ್ನೇನು ಮುಗಿಯಬೇಕು ಅನ್ನುವಾಗ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿತು. ಆಫೀಸಿಗೆ ತಕ್ಕ ಶರ್ಟು ನನ್ನಲ್ಲಿರಲಿಲ್ಲ, ಇಂಟರ್‌ವ್ಯೂಗೆ ಹಾಕಿಕೊಂಡು ಹೋಗಿದ್ದು ಅಣ್ಣನ ಶರ್ಟು. ಭುಜ ಜೋತು ಬಿದ್ದಿತ್ತು, ಕಾಲರಿನಲ್ಲಿ ಇನ್ನೊಬ್ಬನ ಕತ್ತಿಗೂ ಜಾಗವಿತ್ತು. ಮ್ಯಾನೇಜರ್ ನನ್ನ ಸರ್ಟಿಫಿಕೇಟುಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕಾಲರನ್ನೇ ನೋಡುತ್ತಿದ್ದ. ಅವಮಾನದಿಂದ ಕಿವಿ ಬಿಸಿಯಾಯಿತು. ಕೆಲಸಕ್ಕೆ ಸೇರುವ ದಿನ ನನ್ನದೇ ಅಳತೆಯ, ನಾನೇ ಆರಿಸಿದ ಶರ್ಟು ತೊಟ್ಟುಕೊಂಡೇ ಒಳಗೆ ಕಾಲಿಡುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಅಲ್ಲಿ ವಾರದ ರಜೆ ಶುಕ್ರವಾರ; ಶನಿವಾರ ಸೇರಬೇಕಿತ್ತು. ಗುರುವಾರ ಸಂಜೆ ಅಲ್ ಮುರಕ್ಕಬಾತ್ ಬೀದಿಯ ಅಂಗಡಿಯೊಂದಕ್ಕೆ ಒಬ್ಬನೇ ಹೋದೆ. ಅಲ್ಲಿನ ಮಲಯಾಳಿ ಸೇಲ್ಸ್‌ಮನ್ ಟೇಪು ಹಿಡಿದು ನನ್ನ ಕತ್ತು ಅಳೆದ, ತೋಳು ಅಳೆದ. ನನ್ನ ಕತ್ತಿಗೂ ಒಂದು ನಂಬರು ಇದೆ ಎಂದು ನನಗೆ ಗೊತ್ತಾಗಿದ್ದೇ ಆವತ್ತು. ಎಷ್ಟೋ ಶರ್ಟು ಹಾಕಿ ತೆಗೆದು, ಕನ್ನಡಿಯ ಮುಂದೆ ಹಿಂದೆ ಮುಂದೆ ತಿರುಗಿ, ಕೊನೆಗೆ ಮೂರು ಆರಿಸಿದೆ: ಸಣ್ಣ ನೀಲಿ ಗೆರೆಯ ಬಿಳಿಯದು, ಆಕಾಶನೀಲಿ, ತಿಳಿ ಬೂದು. ಅವನು ಅದೇ ಅಳತೆಯ ಹೊಸ ಪ್ಯಾಕೆಟ್ಟುಗಳನ್ನು ತೆಗೆದುಕೊಟ್ಟ. ಊರಿಂದ ತಂದು ಉಳಿಸಿಕೊಂಡಿದ್ದ ದುಡ್ಡೆಲ್ಲ ಅಲ್ಲಿಗೇ ಮುಗಿಯಿತು. ಶನಿವಾರ ಬೆಳಿಗ್ಗೆಯೇ ಗುಂಡುಪಿನ್ನು ಬಿಚ್ಚಬೇಕೆಂದು ಹಾಗೇ ಸೂಟ್‌ಕೇಸಿನ ಮೇಲಿಟ್ಟೆ.

ಶುಕ್ರವಾರ ಮಧ್ಯಾಹ್ನ ಮಂಡ್ಯದ ರೂಮ್‌ಮೇಟ್ ರಜೆಯ ಮೇಲೆ ಊರಿಗೆ ಹೊರಟಿದ್ದ. ಯಾರೇ ಊರಿಗೆ ಹೊರಡಲಿ, ರೂಮಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮನೆಗೆ ಸೋಪು, ಪೌಡರು, ಹಾಲಿನ ಪುಡಿ ಎಂದು ಅವನ ಕಾರ್ಟನ್‌ಗೆ ತುರುಕುತ್ತಿದ್ದರು. ನಮ್ಮಕ್ಕನ ಮನೆಯೂ ಮಂಡ್ಯದಲ್ಲೇ. ನಾನು ಕ್ಷೌರ ಮಾಡಿಸಿಕೊಂಡು ಬರುವಷ್ಟರಲ್ಲಿ ಅವನು ಟ್ಯಾಕ್ಸಿ ಹತ್ತಿ ಹೋಗಿಯಾಗಿತ್ತು. ಸೂಟ್‌ಕೇಸಿನ ಮೇಲೆ ಏನೂ ಇರಲಿಲ್ಲ.

"ಅಣ್ಣಾ, ಇಲ್ಲಿದ್ದ ಶರ್ಟು ಎಲ್ಲಿ?"

"ಕಾರ್ಟನ್‌ಗೆ ಹಾಕ್ದೆ ಕಣೋ. ಭಾವಂಗೆ ಅಂತ ತಾನೇ ತಂದಿದ್ದು?"

"ನಂಗೆ ತಂದಿದ್ದು! ನಾಳೆ ಆಫೀಸಿಗೆ!"

"ಹಂಗಾದ್ರೆ ಪ್ಯಾಕೆಟ್ ಯಾಕೆ ಒಡ್ದಿರ್ಲಿಲ್ಲ?"

ಅಣ್ಣನ ಲೆಕ್ಕದಲ್ಲಿ ಪ್ಯಾಕೆಟ್ ಒಡೆಯದ ವಸ್ತುವೆಲ್ಲ ಊರಿನವರದು. ವರ್ಷಗಟ್ಟಲೆ ದುಬೈಯ ಗೋದಾಮಿನಲ್ಲಿ ದುಡಿದವನು ತನಗಾಗಿ ಒಂದು ಪ್ಯಾಕೆಟ್ ಒಡೆದದ್ದನ್ನು ನಾನು ಕಂಡಿಲ್ಲ. ಅದು ಅವನ ಹಣೆಬರಹ. ನನ್ನನ್ನು ಕೇಳದೆ ನನ್ನ ವಸ್ತು ಎತ್ತಿಕೊಡಲು ಇವನ್ಯಾರು? ಬಾಯಿಗೆ ಬಂದಂತೆ ಬೈದೆ. ಅವನೂ ಬಿಡಲಿಲ್ಲ.

"ಕಾಲೇಜಿಗೆ ಮೆರೀತಾ ಹಾಕ್ಕೊಂಡು ಹೋಗ್ತಿದ್ಯಲ್ಲ, ಅವೆಲ್ಲ ಎಲ್ಲಿಂದ ಬಂದಿದ್ದೋ?"

"ಕೊಟ್ಟಿದ್ದನ್ನ ಎತ್ತಿ ಆಡ್ಬೇಡ!"

ಹಲಗೆಯ ಪಾರ್ಟಿಶನ್ ಆಚೆಯಿಂದ ಯಾರೋ, "ಖಲಾಸ್ ಭಾಯ್, ಖಲಾಸ್!" ಎಂದು ಜಗಳ ನಿಲ್ಲಿಸಲು ಕೂಗಿದರು.

ಶನಿವಾರ ಬೆಳಿಗ್ಗೆ ಅಣ್ಣ ತನ್ನ ಅದೇ ಹಳೇ ಶರ್ಟಿಗೆ ಇಸ್ತ್ರಿ ಹಾಕಿ ಮಂಚದ ಮೇಲಿಟ್ಟಿದ್ದ. ಬೇರೆ ದಾರಿಯಿರಲಿಲ್ಲ. ಹಾಕಿಕೊಂಡೆ. ಮ್ಯಾನೇಜರ್ ಮತ್ತೆ ನನ್ನ ಕಾಲರು ನೋಡಿದ. ಇಡೀ ವಾರ ಅಣ್ಣನ ಜೊತೆ ಮಾತು ಬಿಟ್ಟಿದ್ದೆ.

ಮುಂದಿನ ಶುಕ್ರವಾರ ಅಕ್ಕನ ಮನೆಗೆ ಫೋನ್ ಮಾಡಲು ಇಬ್ಬರೂ ಬೂತಿಗೆ ಹೋದೆವು. ಅಣ್ಣ ಮಾತಾಡಿ ರಿಸೀವರ್ ನನ್ನ ಕೈಗೆ ಕೊಟ್ಟ. ಆ ಕಡೆ ಭಾವ.

"ಶರ್ಟು ಬಂತಪ್ಪಾ. ಬಟ್ಟೆ ಪರ್ವಾಗಿಲ್ಲ. ತೋಳು ಸಾಲ್ದು, ಕತ್ತೂ ಬಿಗಿ. ನಿಮ್ಮಣ್ಣಂಗೆ ಹೇಳು, ಮುಂದಿನ ಸಲ ಅಳತೆ ನೋಡ್ಕೊಂಡು ಕಳ್ಸಕ್ಕೆ."

ನನಗೆ ಪಿತ್ತ ನೆತ್ತಿಗೇರಿತು. "ಅಳತೆ ಸರಿಯಾಗೇ ಇದೆ ಭಾವ. ಅದು ನನ್ನ ಅಳತೆ. ಅದು ನನ್ನ ಶರ್ಟು."

ಆ ಕಡೆ ರಿಸೀವರ್ ಕೈ ಬದಲಾಯಿತು. ಅಕ್ಕ ತೀರಾ ತಗ್ಗಿದ ದನಿಯಲ್ಲಿ ಮಾತಾಡಿದಳು.

"ಯಾಕೋ ಹಂಗಂದೆ? ನೀನು ಫೋನ್ ಇಟ್ಬಿಡ್ತೀಯ. ಆಮೇಲೆ ನಾನು ತಾನೇ ಈ ಮನೇಲಿರ್ಬೇಕು?"

ಪಕ್ಕದಲ್ಲಿ ಅಣ್ಣ ಬೂತಿನ ಗಾಜಿನಾಚೆ ರಸ್ತೆ ನೋಡುತ್ತ ನಿಂತಿದ್ದ. ಆ ಮನೆಗೆ ಏನೂ ಹೋಗದಿದ್ದರೆ ಅಕ್ಕನ ಪಾಡು ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ನನ್ನ ಸಿಟ್ಟು ಅವನನ್ನು ಬಿಟ್ಟು ಮಂಡ್ಯಕ್ಕೆ ಹೋಯಿತು. ಆ ಮನುಷ್ಯನ ಕಾಲರು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು, ಆದರೆ ನಡುವೆ ಸಮುದ್ರವಿತ್ತು. ಅವನ ಪಕ್ಕದಲ್ಲಿ ಅಕ್ಕ ಇದ್ದಳು.

"ಭಾವಂಗೆ ಕೊಡಕ್ಕಾ," ಎಂದೆ.

ಹಲ್ಲು ಕಚ್ಚಿಕೊಂಡು ಕೇಳಿದೆ: "ತೋಳು ಎಷ್ಟಿಂಚು ಭಾವ?"