ಅಕ್ಕನ ಮಾನಿಟರು, ಭಾವನ ಬಸ್ಸು

ಮದುವೆ ಆಲ್ಬಂ ಮಾಡುವವರ ಲೋಕದಲ್ಲಿ ಕ್ಷಮೆಯಿಲ್ಲದ ತಪ್ಪು ಒಂದೇ: ಮಡಿಕೆಗೆ ಮುಖ ಬೀಳುವುದು. ಆಲ್ಬಂ ಬಿಡಿಸಿದಾಗ ಎಡದ ಪುಟ, ಬಲದ ಪುಟ ಸೇರಿ ಒಂದೇ ಉದ್ದನೆಯ ಚಿತ್ರವಾಗುತ್ತದಲ್ಲ, ಅದರ ನಟ್ಟನಡುವೆ ಮಡಿಕೆ ಬರುತ್ತದೆ. ಅಲ್ಲಿ ಕಂಬ ಬರಲಿ, ಬಾಗಿಲು ಬರಲಿ, ಯಾರದೋ ಭುಜ ಬೇಕಾದರೂ ಬರಲಿ, ಮುಖ ಮಾತ್ರ ಬರಕೂಡದು. ಬಂದರೆ ಮೂಗು ಒಳಗೆ ಹೋಗಿ ಎರಡು ಕೆನ್ನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನನ್ನ ಅಕ್ಕ ಈ ಕೆಲಸ ಹಿಡಿದಾಗಿನಿಂದ ಒಂದು ಮುಖವನ್ನೂ ಮಡಿಕೆಗೆ ಹಾಕಿದವಳಲ್ಲ. ಫೋಟೋ ಸ್ಟುಡಿಯೋದವರೆಲ್ಲ ಅವಳನ್ನು 'ಆಲ್ಬಂ ಅಕ್ಕ' ಎಂದೇ ಕರೆಯುತ್ತಾರೆ. ತಲೆ ನರೆತವರೂ ಹಾಗೆಯೇ ಕರೆಯುತ್ತಾರೆ, ಅದೊಂದು ಅವಳಿಗೆ ಆಗಿಬರುವುದಿಲ್ಲ.

ಈ ಹೆಗ್ಗಳಿಕೆಯ ಗುಟ್ಟು ಅವಳ ಮೇಜಿನ ಮೇಲೇ ಇತ್ತು. ಎರಡು ಹಳೆಯ ಮಾನಿಟರುಗಳು ಭುಜಕ್ಕೆ ಭುಜ ಕೊಟ್ಟು ಕೂತಿದ್ದವು. ಎಡದ ಪುಟ ಒಂದರಲ್ಲಿ, ಬಲದ ಪುಟ ಇನ್ನೊಂದರಲ್ಲಿ. ಎರಡರ ಕಪ್ಪು ಅಂಚು ಸೇರುವ ಜಾಗವೇ ಮಡಿಕೆ. ಮುಖವೇನಾದರೂ ಅಲ್ಲಿಗೆ ಹೋದರೆ ಕಣ್ಣೆದುರೇ ಎರಡು ಹೋಳಾಗಿ ಕಾಣುತ್ತಿತ್ತು. ಅಕ್ಕ ಅದನ್ನು ಲೆಕ್ಕ ಹಾಕಿ ಮಾಡಿಕೊಂಡಿದ್ದಲ್ಲ. ಎರಡು ಮಾನಿಟರು ಇತ್ತು, ಕೈ ಅದಕ್ಕೆ ಪಳಗಿತು, ಅಷ್ಟೇ. ಪಳಗಿದ ಕೈ ತನಗೆ ಆಸರೆ ಯಾವುದೆಂದು ಮರೆತುಬಿಡುತ್ತದೆ.

ಇನ್ನು ಭಾವ. ಭಾವ ಬಸ್ ಡ್ರೈವರ್. ಆಗಿದ್ದರು ಎನ್ನಬೇಕು, ಆದರೆ ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಒಂದು ಬೆಳಿಗ್ಗೆ ಡಿಪೋದಲ್ಲಿ, ಬಸ್ಸಿನಿಂದ ಇಳಿದು ನಿಂತವರು ನಿಂತಲ್ಲೇ ಕುಸಿದರು. ಪುಣ್ಯಕ್ಕೆ ಬಸ್ಸು ಖಾಲಿ, ಇಂಜಿನ್ ಆಫ್. ಇದು ಮತ್ತೆ ಯಾವಾಗ ಬೇಕಾದರೂ ಬರಬಹುದು, ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಡಿಪೋದವರು ಕೈಬಿಡದೆ ಬಿಡಿಭಾಗಗಳ ಕೋಣೆಯಲ್ಲಿ ಕೂರಿಸಿದರು. ನಟ್ಟು, ಬೋಲ್ಟು, ಬೆಲ್ಟು ಕೇಳಿದವರಿಗೆ ಎತ್ತಿ ಕೊಡುವುದು. ಕಿಟಕಿಯಿಲ್ಲದ ಕೋಣೆ.

ಅಲ್ಲಿಂದ ಭಾವನ ಮಾತು ನಿಂತಿತು. ಮುನಿಸಲ್ಲ, ಜಗಳವಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಮೊದಲು ಊಟಕ್ಕೆ ಕೂತರೆ ಇಡೀ ದಿನದ ಪ್ರಯಾಣಿಕರನ್ನು ತಂದು ತಟ್ಟೆಯ ಸುತ್ತ ನಿಲ್ಲಿಸುತ್ತಿದ್ದ ಮನುಷ್ಯ. ಕಿಟಕಿ ಸೀಟಿಗೆ ಜಗಳವಾಡಿದವರು ಯಾರು, ಇಳಿಯುವ ಸ್ಟಾಪ್ ಬಂದರೂ ಬಾಯಿ ತೆರೆದು ನಿದ್ದೆ ಹೊಡೆದವರು ಯಾರು, ಎಲ್ಲ ನಮಗೆ ಗೊತ್ತಾಗುತ್ತಿತ್ತು. ಈಗ ಊಟ ಬೇಗ ಮುಗಿಯತೊಡಗಿತು. ನಾನು ಅವರ ಜೊತೆಗೇ ಇರುವವಳು, ಶಾಲೆಯಲ್ಲಿ ಲೆಕ್ಕದ ಟೀಚರ್, ನನ್ನ ಬಾಯಿ ಸುಮ್ಮನಿರುವುದಲ್ಲ. ಆದರೂ ಆ ಮೌನದ ಮುಂದೆ ನನ್ನ ಆಟ ನಡೆಯಲಿಲ್ಲ.

ಶಾಲೆಯ ಕಂಪ್ಯೂಟರ್ ಮೇಷ್ಟ್ರಿಂದ ಒಂದು ಬಸ್ ಓಡಿಸುವ ಆಟ ತಂದು ಅಕ್ಕನ ಕಂಪ್ಯೂಟರಿಗೆ ಹಾಕಿದವಳು ನಾನೇ. ಭಾವ ಮೊದಲು, "ಇದೆಲ್ಲ ಮಕ್ಕಳಿಗೆ" ಎಂದು ಎದ್ದು ಹೋದರು. ಒಂದು ಸಂಜೆ ನೋಡಿದರೆ ಕೂತಿದ್ದಾರೆ. ಎಡಗಡೆಯ ಮಾನಿಟರಿನಲ್ಲಿ ಬಸ್ಸು, ಬಲಗಡೆಯದರಲ್ಲಿ ಅಕ್ಕ ಅರ್ಧಕ್ಕೆ ಬಿಟ್ಟ ಮದುವೆ. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತಿದೆ, ಬಾಗಿಲು ತೆರೆಯುತ್ತಿದೆ, ಕೊನೆಯವರು ಹತ್ತುವ ತನಕ ಕಾಯುತ್ತಿದೆ.

"ಏನು ಭಾವ, ಸಂಬಳವಿಲ್ಲದೆ ಓವರ್‌ಟೈಮಾ?" ಎಂದು ಛೇಡಿಸಿದೆ.

"ಹೂಂ" ಎಂದರು. ಆದರೆ ಆ ಹೂಂ ಸ್ವಲ್ಪ ಬೇರೆ ಇತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದಳು.

"ಅವರ ಕತ್ತು ನೋಡಿದೆಯಾ ಪುಟ್ಟಿ?"

ನೋಡಿರಲಿಲ್ಲ. ಮತ್ತೆ ಹೋಗಿ ನೋಡಿದೆ. ಸ್ಟಾಪಿನಿಂದ ಬಸ್ಸು ಹೊರಡಿಸುವಾಗಲೆಲ್ಲ ಭಾವ ಕತ್ತನ್ನು ಎಡಕ್ಕೆ, ಬಸ್ಸಿನ ಬಾಗಿಲ ಕಡೆಗೆ ಪೂರ್ತಿ ತಿರುಗಿಸುತ್ತಿದ್ದರು, ಕನ್ನಡಿ ನೋಡಲು. ಆ ಪುಟ್ಟ ಪರದೆಯಲ್ಲಿ ಕನ್ನಡಿ ಇರಲೇ ಇಲ್ಲ, ಅದು ಅಂಚಿನಾಚೆ ಉಳಿದುಹೋಗಿತ್ತು. ಕತ್ತು ಹೋಗಿ ನಿಲ್ಲುತ್ತಿದ್ದುದು ಗೋಡೆಯ ಮೇಲೆ. ಗೋಡೆ ನೋಡಿ, ಒಂದು ಕ್ಷಣ ತಡೆದು, ಮತ್ತೆ ಮುಂದೆ ತಿರುಗುತ್ತಿದ್ದರು. ನಾನು ಅಡುಗೆಮನೆಗೆ ವಾಪಸು ಬಂದೆ.

"ಎರಡೂ ಮಾನಿಟರಿನಲ್ಲಿ ಆಡಲಿ ಅಂದ್ರೆ ಆ ಕಪ್ಪು ಅಂಚು ರಸ್ತೆ ನಡುವೆ ಬಂದು ನಿಲ್ಲುತ್ತೆ. ಅದಕ್ಕೇ ಅವರು ಒಂದರಲ್ಲೇ ಆಡೋದು. ಅಗಲದ್ದು ಒಂದು ತಗೋಬೇಕು. ಅಲ್ಟ್ರಾವೈಡ್ ಅಂತ ಬರುತ್ತಲ್ಲ, ಅದು" ಎಂದಳು ಅಕ್ಕ. "ಕೆಲಸಕ್ಕೆ ಅಂತಲೇ ಹೇಳ್ತೀನಿ. ಅವರಿಗೋಸ್ಕರ ಅಂತ ಗೊತ್ತಾದ್ರೆ ಬೇಡ ಅಂದುಬಿಡ್ತಾರೆ. ನೀನು ಬಾಯಿ ಬಿಡಬೇಡ."

ಹಾಗೆ ಮಾನಿಟರಿನ ಬೇಟೆ ಶುರುವಾಯಿತು. ಅಂಗಡಿಗೆ ಮೂವರೂ ಹೋದೆವು, ಹೊತ್ತು ತರಲು ಒಂದು ಆಳು ಬೇಕೆಂಬ ನೆಪದಲ್ಲಿ ಭಾವನನ್ನೂ ಎಬ್ಬಿಸಿಕೊಂಡು. ಅವರು ಒಳಗೆ ಬರದೆ ಗಾಜಿನ ಬಾಗಿಲ ಬಳಿಯೇ ರಸ್ತೆ ನೋಡುತ್ತಾ ನಿಂತರು.

"ಕೆಲಸಕ್ಕಾ ಮೇಡಂ, ಆಟಕ್ಕಾ?" ಎಂದು ಅಂಗಡಿಯವನು ಕೇಳಿದ.

"ಕೆಲಸಕ್ಕೆ" ಎಂದಳು ಅಕ್ಕ, ಬಾಗಿಲವರೆಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಸಣ್ಣ ದನಿಯಲ್ಲಿ, "ಸ್ವಲ್ಪ ಆಟಕ್ಕೂ."

ಸ್ವಲ್ಪ ಎನ್ನುವುದು ಬಲು ತಲೆನೋವಿನ ಮಾತು. ಆಟದವರಿಗೆಂದೇ ಮಾಡಿದ ಮಾನಿಟರಿನಲ್ಲಿ ಅಕ್ಕ ತಾನು ತಂದಿದ್ದ ಮದುವೆ ಫೋಟೋ ತೆರೆಸಿ ನೋಡಿದಳು. ಮದುಮಗನಿಂದ ಹಿಡಿದು ಅಡುಗೆಯವನ ತನಕ ಎಲ್ಲರ ಮುಖವೂ ಟೊಮೇಟೊ. ಕೆಲಸದವರಿಗೆಂದು ಮಾಡಿದ್ದರಲ್ಲಿ ಮುಖದ ಬಣ್ಣ ಮುಖದ ಹಾಗೇ ಇತ್ತು, ಆದರೆ ಆಟ ಹಾಕಿದರೆ ಓಡುವ ಕಾರು ಹಿಂದೆ ಮಸುಕು ಬಾಲ ಎಳೆದುಕೊಂಡು ಹೋಗುತ್ತಿತ್ತು. ಬಿಲ್ಲಿನ ಹಾಗೆ ಬಾಗಿದ್ದೊಂದು ಇತ್ತು. ಅದರೆದುರು ಕೂತರೆ ಬಸ್ಸಿನೊಳಗೇ ಕೂತಂತೆ, ಆದರೆ ಫೋಟೋದಲ್ಲಿನ ಕಂಬಗಳೂ ಬಾಗಿದಂತೆ ಕಂಡು ಅಕ್ಕ ಬೇಡವೆಂದು ತಲೆ ಅಲ್ಲಾಡಿಸಿದಳು. ಚಪ್ಪಟೆಯದರಲ್ಲಿ ಕಂಬ ನೆಟ್ಟಗಿತ್ತು, ಮೂಲೆಗಳು ದೂರ ಹೋದವು.

"ಇಷ್ಟು ಅಗಲದ ಪರದೆ ನಡೆಸೋ ಶಕ್ತಿ ನಿಮ್ಮ ಕಂಪ್ಯೂಟರಿಗೆ ಇದೆಯಾ ಅಂತಲೂ ನೋಡಿಕೊಳ್ಳಿ" ಎಂದ ಅಂಗಡಿಯವನು. ಒಳ್ಳೆಯ ಮನುಷ್ಯ. ದುಬಾರಿಯದನ್ನು ತಲೆಗೆ ಕಟ್ಟಲು ನೋಡಲಿಲ್ಲ.

ಕೊನೆಗೆ ಬಾಗಿಯೂ ಬಾಗದ ಒಂದು ಸಿಕ್ಕಿತು. ಬಣ್ಣ ನಂಬುವ ಹಾಗಿತ್ತು, ಓಡುವುದೂ ತಡವರಿಸುತ್ತಿರಲಿಲ್ಲ. ಅಕ್ಕ ಅದರ ಮುಂದೆ ಕುರ್ಚಿ ಎಳೆದು ಕೂತಳು. ಆಲ್ಬಂ ನೋಡುವವಳ ಹಾಗಲ್ಲ. ಎರಡೂ ಕೈ ಮುಂದೆ ಚಾಚಿ, ಕತ್ತನ್ನು ಒಮ್ಮೆ ಆ ತುದಿಗೆ, ಒಮ್ಮೆ ಈ ತುದಿಗೆ ತಿರುಗಿಸಿದಳು. "ಇದೇ ಇರಲಿ" ಎಂದಳು.

ಮನೆಯಲ್ಲಿ ಭಾವ ಮೇಜಿನ ಹಲಗೆಯನ್ನು ತಾವೇ ಬದಲಾಯಿಸಿದರು, ಹಳೆಯದು ಅಗಲ ಸಾಲದೆಂದು. ಸಂಜೆಯಾದರೆ ಅಕ್ಕ ಕೆಲಸ ಮುಚ್ಚಿ ಏಳುವಳು, ಭಾವ ಕೂರುವರು. ಕತ್ತು ತಿರುಗಿಸಿದರೆ ಅಲ್ಲಿ ಕನ್ನಡಿ ಇತ್ತು. ನಾಲ್ಕು ದಿನ ಕಳೆದಿರಲಿಲ್ಲ, ಊಟಕ್ಕೆ ಕೂತವರು, "ಆ ಆಟದಲ್ಲಿ ಒಬ್ಬಳು ಮುದುಕಿ ಇದಾಳೆ, ನಾನು ಬಾಗಿಲು ಹಾಕೋಕೆ ಹೋದಾಗಲೇ ಓಡಿ ಬರ್ತಾಳೆ" ಎಂದರು. ನಾನು, ಅಕ್ಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ಇನ್ನೊಂದು ವಾರಕ್ಕೆ ನಿಜವಾದ ಮುದುಕಿಯೊಬ್ಬರು ಮನೆಗೆ ಬಂದರು, ಕೈಯಲ್ಲಿ ಮೊಮ್ಮಗಳ ಮದುವೆ ಆಲ್ಬಂ ಹಿಡಿದು. ಸೋಫಾದಲ್ಲಿ ಕೂತು, ನಡುವಿನ ಪುಟ ಬಿಡಿಸಿ, ಅಕ್ಕನ ತೊಡೆಯ ಮೇಲಿಟ್ಟರು. ಉದ್ದನೆಯ ಕುಟುಂಬದ ಫೋಟೋ. ನಟ್ಟನಡುವೆ ಅಜ್ಜಿ.

"ಎಲ್ಲರೂ ಚೆಂದ ಬಂದಿದಾರೆ. ನನ್ನ ಮೂಗು ಎಲ್ಲಿ ಹೋಯ್ತಮ್ಮ?" ಎಂದು ಕೇಳಿದರು.

ಅಕ್ಕ ಮಡಿಕೆಯ ಮೇಲೆ ಬೆರಳಾಡಿಸಿದಳು. ಹೊಸ ಪರದೆಯಲ್ಲಿ ನಡುವೆ ಅಂಚಿಲ್ಲ, ಎಲ್ಲ ನಿರಾತಂಕ. ಕೈ ತನ್ನ ಪಾಡಿಗೆ ಮುಖಗಳನ್ನು ಜೋಡಿಸಿತ್ತು. ಅಜ್ಜಿ ಜಗಳವಾಡಲಿಲ್ಲ. ಬೇರೆ ಮಾಡಿಕೊಡುತ್ತೇನೆ ಎಂದಾಗ, "ಅವಸರವಿಲ್ಲ, ಆದ್ರೆ ನಾನು ಇರೋವಾಗಲೇ ಮಾಡಿಕೊಡು" ಎಂದು ನಕ್ಕು ಹೋದರು. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು.

"ಕಂಪ್ಯೂಟರಿನಲ್ಲೇ ನಡುವೆ ಒಂದು ಗೆರೆ ಹಾಕಿಕೊಳ್ಳೋಕೆ ಆಗಲ್ವಾ?" ಎಂದೆ.

"ಆಗುತ್ತೆ. ಫೋಟೋ ನೋಡುವಾಗ ಅಡ್ಡ ಬರುತ್ತೆ ಅಂತ ಒಂದು ಕೀ ಒತ್ತಿ ಮರೆ ಮಾಡ್ತೀನಿ, ಮತ್ತೆ ತರೋದು ಮರೀತೀನಿ. ನಿನ್ನೆ ಮತ್ತೊಂದು ಮುಖ ಬಿದ್ದಿತ್ತು, ಕಳಿಸೋ ಮುಂಚೆ ಕಣ್ಣಿಗೆ ಬಿತ್ತು, ಬಚಾವಾದೆ. ನನಗೆ ಕೈಗೆ ಸಿಗೋ ಅಂಥ ಅಂಚು ಬೇಕು." ಆಮೇಲೆ ಹೇಳಿದಳು, "ವಾಪಸ್ ಕೊಡೋಕೆ ಇನ್ನೂ ಸಮಯ ಇದೆ ಅಂದ್ರು ಅಂಗಡಿಯವರು. ಹಳೆಯ ಎರಡನ್ನೂ ಇದರ ಜೊತೆ ಇಡೋಕೆ ಮೇಜಿನಲ್ಲಿ ಜಾಗ ಇಲ್ಲ. ಕೊಟ್ಟರೆ ಅವರ ಕನ್ನಡಿ ಹೋಗುತ್ತೆ. ಕೊಡದಿದ್ರೆ ನನ್ನ ಕೆಲಸ ಹೋಗುತ್ತೆ. ಈಗ ತಾನೇ ಮಾತಾಡೋಕೆ ಶುರು ಮಾಡಿದಾರೆ ಪುಟ್ಟಿ."

ಆದರೂ ಅಟ್ಟದಿಂದ ಮಾನಿಟರಿನ ಖಾಲಿ ಪೆಟ್ಟಿಗೆ ಇಳಿಸಿ ಹಾಲಿನಲ್ಲಿಟ್ಟಳು. ಮನೆ ನಡೆಯುತ್ತಿದ್ದುದು ಬಹುಪಾಲು ಅವಳ ಆಲ್ಬಂಗಳಿಂದ.

ಡಿಪೋದಿಂದ ಬಂದ ಭಾವ ಪೆಟ್ಟಿಗೆಯ ಮುಂದೆ ನಿಂತರು. "ಇದು ಯಾಕೆ ಕೆಳಗೆ ಬಂತು?"

"ಕೆಲಸಕ್ಕೆ ಸರಿಹೋಗ್ತಿಲ್ಲ ರೀ. ನಡುವೆ ಅಂಚಿಲ್ಲ, ಮಡಿಕೆ ಗೊತ್ತಾಗಲ್ಲ. ಅಜ್ಜಿಯೊಬ್ಬರ ಮೂಗು ಹೋಯ್ತು" ಎಂದಳು ಅಕ್ಕ, ಬೇರೆಲ್ಲೋ ನೋಡುತ್ತಾ.

ಭಾವ ಹೂಂ ಎಂದರು. ಹಳೆಯ ಹೂಂ. ಕೈಕಾಲು ತೊಳೆದು ಉಂಡು ಮಲಗಿದರು. ಆ ಸಂಜೆ ಬಸ್ಸು ಹೊರಡಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಯಾರ ಮೇಲೆ ಎಂದೇ ಗೊತ್ತಾಗಲಿಲ್ಲ, ಪೆಟ್ಟಿಗೆಯನ್ನು ಕಾಲಿನಿಂದ ಒದ್ದೆ.

ಮರುದಿನ ಭಾವ ಕಾಗದದಲ್ಲಿ ಸುತ್ತಿದ ಏನನ್ನೋ ತಂದರು. ಬಿಡಿಸಿದರೆ ಬೆರಳಿಗಿಂತ ಸಣ್ಣಗಿನ ಕರಿ ರಬ್ಬರ್ ಪಟ್ಟಿ. "ಸ್ಟೋರಿನ ಸಾಹೇಬರನ್ನ ಕೇಳಿಯೇ ತಂದೆ, ಎಸೆಯೋಕೆ ಇಟ್ಟಿದ್ದ ತುಂಡು" ಎನ್ನುತ್ತಾ ಮಾನಿಟರಿನ ಎತ್ತರಕ್ಕೆ ಕತ್ತರಿಸಿದರು. ಮೇಲೆ ಸಿಕ್ಕಿಸಲು ತಂತಿಯ ಕೊಕ್ಕೆ ಮಾಡಿದರು, ಕೆಳಗೆ ನೆಟ್ಟಗೆ ನಿಲ್ಲಲೆಂದು ಒಂದು ನಟ್ಟು ಕಟ್ಟಿದರು. ಅಕ್ಕನನ್ನು ಕರೆದು ಆಲ್ಬಂ ತೆರೆಸಿ, ಪಟ್ಟಿಯನ್ನು ಸರಿಯಾಗಿ ಮಡಿಕೆಯ ಜಾಗಕ್ಕೆ ತೂಗುಬಿಟ್ಟರು. ಎಡದ ಪುಟ, ಬಲದ ಪುಟ, ನಡುವೆ ಕಪ್ಪು ಅಂಚು. ಅಕ್ಕ ಅಜ್ಜಿಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು. ಮೂಗು ವಾಪಸು ಬಂತು.

ಅಕ್ಕ ಕೆಲಸ ಮುಚ್ಚಿದಳು. ಭಾವ ಕೂತರು, ಬಸ್ಸು ಶುರುವಾಯಿತು. ಪಟ್ಟಿ ಅಲ್ಲೇ ತೂಗುತ್ತಿತ್ತು.

"ರೀ, ಅದನ್ನ ತೆಗೆದು ಆಡಿ. ರಸ್ತೆಗೆ ಅಡ್ಡ ಬರುತ್ತೆ."

"ಇರಲಿ ಬಿಡೇ. ನಾನು ಇಷ್ಟು ವರ್ಷ ಓಡಿಸಿದ್ದು ಎಂಥ ಬಸ್ಸು ಅಂದ್ಕೊಂಡೆ? ಮುಂದಿನ ಗಾಜು ಎರಡು ತುಂಡು, ನಡುವೆ ಇದೇ ಪಟ್ಟಿ. ಇದಿಲ್ಲದೆ ಇಷ್ಟು ದಿನ ಬೇರೆ ಯಾರದೋ ಬಸ್ಸಿನಲ್ಲಿ ಕೂತ ಹಾಗಿತ್ತು."

ಅಕ್ಕ ನಿಂತಲ್ಲೇ ನಿಂತಳು. "ಮತ್ತೆ ಎರಡು ಮಾನಿಟರ್ ಇದ್ದಾಗ ಯಾಕೆ ಒಂದರಲ್ಲೇ ಆಡ್ತಿದ್ರಿ? ಅಂಚು ಅಡ್ಡ ಬರುತ್ತೆ ಅಂತ ಅಲ್ವಾ?"

"ಇನ್ನೊಂದರಲ್ಲಿ ನಿನ್ನ ಕೆಲಸ ಇರ್ತಿತ್ತಲ್ಲ. ಅದನ್ನ ಮುಚ್ಚಿ ನಾನು ಆಟ ಆಡೋದಾ?"

"ಒಂದು ಮಾತು ಹೇಳಬಹುದಿತ್ತು."

"ನೀನು ಮಾತ್ರ ಹೇಳಿದೆಯಾ? ಅಂಗಡಿಯಲ್ಲಿ ಕತ್ತು ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ಕಾಣಲಿಲ್ಲ ಅಂದ್ಕೊಂಡೆಯಾ? ಗಾಜಿನ ಬಾಗಿಲು ಅದು."

ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಒಂದೇ ಒಂದು ಮಾತಿಗೆ ಮುಗಿಯುತ್ತಿದ್ದುದಕ್ಕೆ ಎರಡು ಮಾನಿಟರು ಮೂಲೆ ಸೇರಿ, ಮೂರನೆಯದು ಬಂದು, ಮೇಜಿನ ಹಲಗೆ ಬದಲಾಗಿ, ಅಜ್ಜಿಯ ಮೂಗು ಹೋಗಿ ಬಂದಿತ್ತು. 

ಪರದೆಯ ಮೇಲೆ ಸ್ಟಾಪ್ ಬಂತು. ಬಸ್ಸು ನಿಂತಿತು, ಬಾಗಿಲು ತೆರೆಯಿತು. ಹತ್ತುವವರೆಲ್ಲ ಹತ್ತಿದರು. ಭಾವ ಹೊರಡಲಿಲ್ಲ.

"ಅಲ್ಲೇ ನಿಂತಿರ್ತೀಯಾ? ಬಾಗಿಲು ತೆಗೆದೇ ಇದೆ, ಹತ್ತು" ಎಂದರು, ಹಿಂದೆ ತಿರುಗದೆ.

ಅಕ್ಕ ಸ್ಟೂಲ್ ಎಳೆದುಕೊಂಡು ಬಸ್ಸಿನ ಬಾಗಿಲಿದ್ದ ಕಡೆ, ಭಾವನ ಪಕ್ಕದಲ್ಲೇ ಕೂತಳು. ಭಾವ ಹೊರಡಲೆಂದು ಕತ್ತು ತಿರುಗಿಸಿದರು. ಕನ್ನಡಿಗೆ ಅಡ್ಡವಾಗಿ ಅಕ್ಕನ ಮುಖ. ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಚೂರು ಹಿಂದೆ ಸರಿ, ಕನ್ನಡಿ ಕಾಣ್ತಿಲ್ಲ" ಎಂದರು.

ಅಕ್ಕ ಹಿಂದೆ ಸರಿದಳು. ಭಾವ ಬಾಗಿಲು ಹಾಕಿ ಬಸ್ಸು ಬಿಟ್ಟರು. ಮುಂದಿನ ಸ್ಟಾಪ್ ಬರುವ ಹೊತ್ತಿಗೆ, ನಿಜವಾದ ಬಸ್ಸಿನಲ್ಲಿ ಹಿಂದೊಮ್ಮೆ ಓಡಿ ಬಂದು ಹತ್ತಿದ ಒಬ್ಬ ಮನುಷ್ಯನ ಕಥೆ ಶುರುವಾಗಿತ್ತು.